ಹಿಜ್ಕೀಯನ ಹದಿನೈದು ವರ್ಷ

ಗಂಟಲಿನ ಕ್ಯಾನ್ಸರ್ ಗೆಡ್ಡೆಗೆ ರೇಡಿಯೇಶನ್ ಕರೆಂಟು ಕೊಡಿಸಿದ ಮೇಲೆ ಬೇಕರಿಯ ಯಜಮಾನನಿಗೆ ನಾಲಿಗೆಯ ರುಚಿಯೇ ಹೋಯಿತು. ಜೀವಮಾನವಿಡೀ ಹಿಟ್ಟು ನಾದಿದವನು ಈಗ ತನ್ನದೇ ಒಲೆಯ ಬಿಸಿ ಬನ್ನನ್ನು ಅಗಿದು, "ಹತ್ತಿ ತಿಂದ ಹಾಗಿದೆ" ಎನ್ನುತ್ತಿದ್ದ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ.

ಗೆಡ್ಡೆ ಮತ್ತೆ ಬೆಳೆಯಿತು. ಆಪರೇಷನ್ ಮಾಡಿದರೆ ಕೆಲವು ವರ್ಷ ಸಿಕ್ಕರೂ ಸಿಗಬಹುದು ಎಂದರು ಡಾಕ್ಟರು. ಅಪ್ಪ ಬೇಡವೆಂದ. ಅಂದು ಸಂಜೆ ಮಗ ಅಪ್ಪನ ಮಂಚದ ಪಕ್ಕ ಕುಳಿತು ಬೈಬಲ್ ತೆರೆದ. ಅರಸ ಹಿಜ್ಕೀಯ ಸಾಯುವ ಕಾಯಿಲೆ ಬಿದ್ದು ಗೋಡೆಯ ಕಡೆ ತಿರುಗಿ ಅತ್ತದ್ದು, ದೇವರು ಮನಸ್ಸು ಕರಗಿ ಅವನಿಗೆ ಹದಿನೈದು ವರ್ಷ ಆಯುಷ್ಯ ಕೂಡಿಸಿದ್ದು, ಎಲ್ಲ ಓದಿದ.

"ನೋಡಪ್ಪಾ, ಕೇಳಿದ್ದಕ್ಕೇ ಸಿಕ್ತು. ಹುಣ್ಣಿಗೆ ಅಂಜೂರದ ಹಣ್ಣು ಕಟ್ಟಿದ್ರು ಅಂತಾನೂ ಇದೆ. ದೇವರು ಔಷಧಿ ಬೇಡ ಅನ್ನಲಿಲ್ಲ."

"ಮುಂದೆ ಓದು."

ಮುಂದೆ, ಅರಸ ಜಂಬಕ್ಕೆ ಬಿದ್ದು ತನ್ನ ಭಂಡಾರವನ್ನೆಲ್ಲ ಪರದೇಶದವರಿಗೆ ತೋರಿಸಿದ ಕಥೆಯಿತ್ತು. "ಅದು ಬೇರೆ ವಿಷಯ ಬಿಡು" ಎಂದ ಮಗ.

"ನಾನೇನು ತೋರಿಸ್ಲಿ, ಮೈದಾ ಚೀಲಾನಾ?" ಅಪ್ಪ ನಕ್ಕ, ನಗು ಕೆಮ್ಮಾಯಿತು. "ಅವನಿಗಿನ್ನೂ ನಲವತ್ತೂ ಆಗಿರ್ಲಿಲ್ಲ ಕಣೋ. ಆ ವಯಸ್ಸಲ್ಲಾದ್ರೆ ನಾನೂ ಅಳ್ತಿದ್ದೆ. ಬರ್ಜಿಲ್ಲೈದು ಓದು."

ಪಕ್ಕದಲ್ಲೇ ಇದ್ದ ಸೊಸೆ ಪುಟ ಹುಡುಕಿಕೊಟ್ಟಳು. ಕಷ್ಟಕಾಲದಲ್ಲಿ ದಾವೀದನಿಗೆ ಊಟ ಕೊಟ್ಟಿದ್ದ ಎಂಬತ್ತರ ಮುದುಕ ಬರ್ಜಿಲ್ಲೈ. ಆಮೇಲೆ ದಾವೀದ ತನ್ನ ಅರಮನೆಗೆ ಕರೆದಾಗ, ತಿಂದದ್ದರ ರುಚಿಯೇ ತಿಳಿಯದ ನನಗೆ ಅರಮನೆ ಯಾಕೆ, ನನ್ನೂರಲ್ಲೇ ಅಪ್ಪ ಅಮ್ಮನ ಸಮಾಧಿಯ ಹತ್ತಿರ ಸಾಯುತ್ತೇನೆ ಎಂದವನು. ಓದಿ ಮುಗಿಸಿ ಮಗ ಬೈಬಲ್ ಮುಚ್ಚಿದ.

"ಅವನು ಬೇಡ ಅಂದಿದ್ದು ಅರಮನೇನ, ಬದುಕನ್ನಲ್ಲ. ನಿನಗೆ ಬೇಕಾದ ಹಾಗೆ ಅರ್ಥ ಮಾಡ್ಕೋತೀಯಪ್ಪ."

"ನೀನೂ ಅಷ್ಟೇ ತಾನೇ? ನೀನು ನನ್ನನ್ನ ಕಳ್ಕೊಳ್ಳೋ ಭಯದಲ್ಲಿ ಓದ್ತೀಯ, ನಾನು ಸಾಕಾಗಿ ಓದ್ತೀನಿ." ಅಪ್ಪ ಮಗನ ಮೊಣಕೈ ಸವರಿದ. "ಜಗಳ ಬೇಡ ಮಗಾ."

ಮಗ ಮನೆಯ ಕೆಳಗಿದ್ದ ಬೇಕರಿಗೆ ಇಳಿದು ಹೋಗಿ ಹಿಟ್ಟನ್ನು ಗುದ್ದಿ ಗುದ್ದಿ ನಾದಿದ. ಹೆಂಡತಿ ಹಿಂದೆಯೇ ಬಂದು, "ಮಾವ ಬೇಡ ಅಂದಿದ್ದು ನಿಮ್ಮನ್ನಲ್ಲ" ಎಂದಳು. ಅವನು ನಾದುತ್ತಲೇ ಇದ್ದ.

ಆಪರೇಷನ್ ಆಗಲಿಲ್ಲ. ಚಳಿ ಮುಗಿಯುವ ಹೊತ್ತಿಗೆ, ಒಂದು ಬೆಳಗ್ಗೆ, ಮೊದಲ ಟ್ರೇ ಒಲೆಯಿಂದ ಹೊರಬರುತ್ತಿದ್ದಾಗ ಅಪ್ಪ ಹೋಗಿಬಿಟ್ಟ. ಸಮಾಧಿಯ ಹತ್ತಿರ ಪಾದ್ರಿ, ಎಷ್ಟು ನೆಮ್ಮದಿಯ ಸಾವು ಎಂದರು. ಎಲ್ಲರೂ ಹೌದೆಂದರು. ಮಗನಿಗೆ ಹೌದೆನ್ನಲು ಬಾಯಿ ಬರಲಿಲ್ಲ.

ಮತ್ತೆ ಅಂಗಡಿ ತೆರೆದ ದಿನ ಅವನು ಹೆಂಡತಿಗೆ ಹೇಳಿದ: "ಅಪ್ಪ ಓದಿದ್ದು ಸರಿ ಇರಬಹುದು ಕಣೇ. ನಾನು ಓದಿದ್ದೂ ತಪ್ಪಲ್ಲ. ಒಂದು ಸಲ, ಒಂದೇ ಒಂದು ಸಲ ಅಪ್ಪ ದೇವರನ್ನ ಕೇಳಿ ನೋಡಬಹುದಿತ್ತು."

ಅವಳು ಹಿಟ್ಟು ಮೆತ್ತಿದ್ದ ಅವನ ಕೈಯನ್ನು ಹಿಡಿದುಕೊಂಡು ಕುಳಿತಳು. ಹೊರಗೆ ಯಾರೋ ಬ್ರೆಡ್ ಇದೆಯಾ ಎಂದು ಕೂಗಿದರು. ಅವನು ಮುಖ ಒರೆಸಿಕೊಂಡು ಎದ್ದು ಹೋದ.