ಹನ್ನೊಂದು ಪಾತ್ರೆ ಸೂಪು

ಹದಿನಾಲ್ಕನೆಯ ಹೆಸರು ಟೈಪ್ ಮಾಡುವಾಗ ಫೋನ್ ಬಂತು. ಫ್ಲೋರಾ ಒಂದು ಕೈಯಿಂದ ರಿಸೀವರ್ ಎತ್ತಿಕೊಂಡು, ಇನ್ನೊಂದು ಕೈಯ ಬೆರಳನ್ನು ಚೀಟಿಯ ಮೇಲಿನ ಹೆಸರಿಗೇ ಒತ್ತಿ ಹಿಡಿದಳು. ಇಲ್ಲದಿದ್ದರೆ ಸಾಲು ತಪ್ಪಿಹೋಗುತ್ತದೆ.

ಪ್ರತಿ ಗುರುವಾರ ಮಧ್ಯಾಹ್ನ ಅವಳಿಗೆ ಇದೇ ಸೇವೆ. ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿರುವ ಯಹೂದಿ ಪ್ರಾರ್ಥನಾ ಮಂದಿರದ ಆಫೀಸಿನಲ್ಲಿ ಕೂತು, ಕಾಯಿಲೆ ಬಿದ್ದವರ ಪಟ್ಟಿ ಮಾಡುವುದು. ಶನಿವಾರದ ಪ್ರಾರ್ಥನೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ, ಗುಣವಾಗಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಾರೆ. ಹೆಸರಿನ ಜೊತೆ ತಾಯಿಯ ಹೆಸರು ಇರಬೇಕು. ಇಂಥ ತಾಯಿಯ ಮಗ, ಇಂಥ ತಾಯಿಯ ಮಗಳು ಎಂದು. ಕಾಯಿಲೆ ಯಾವುದೆಂದು ಯಾರೂ ಓದುವುದಿಲ್ಲ. ಆಫೀಸಿನ ಪ್ರತಿಯಲ್ಲಿ ಮಾತ್ರ ಇನ್ನೊಂದು ಕಾಲಂ ಇದೆ: ಆಸ್ಪತ್ರೆಯೋ, ಮನೆಯೋ. ಅದನ್ನು ನೋಡಿಕೊಂಡು ಮಂದಿರದ ಹೆಂಗಸರು ಸೂಪು ಕಳಿಸುತ್ತಾರೆ.

ಫೋನಿನಲ್ಲಿದ್ದವಳು ರೂತ್ ಕ್ಲೈನ್. ಎಂಬತ್ತರ ಹತ್ತಿರದ ಮುದುಕಿ. ಅವಳ ಇಂಗ್ಲಿಷು ಅವಸರವಿಲ್ಲದ್ದು.

"ನನ್ನ ಮಗನ ಹೆಸರು ಸೇರಿಸಮ್ಮ. ಆರನ್, ರೂತ್ ಮಗ."

"ಆಯ್ತು. ಯಾವ ಆಸ್ಪತ್ರೆ?"

"ಆಸ್ಪತ್ರೆ ಇಲ್ಲ, ಮನೇಲೇ ಇದ್ದಾನೆ. ಮೈಗೆ ಏನೂ ಆಗಿಲ್ಲ. ಡಿಪ್ರೆಶನ್ ಅಂತ ಡಾಕ್ಟರ್ ಹೇಳಿದ್ದಾರೆ. ಮಾತ್ರೆ ನಡೀತಿದೆ."

ಫ್ಲೋರಾಳ ಬೆರಳು ಸಾಲಿನಿಂದ ಜಾರಿತು. "ಹಾಗಾದ್ರೆ ಸೂಪಿನವರಿಗೆ ಹೇಳೋದು ಬೇಡ, ಅಲ್ವಾ?"

ಅವಸರವಿಲ್ಲದ ಆ ದನಿ ಚುರುಕಾಯಿತು.

"ಯಾಕೆ ಬೇಡ? ಹೋದ ವರ್ಷ ಅವನ ಅಪೆಂಡಿಕ್ಸ್ ತೆಗೆದಾಗ ಹನ್ನೊಂದು ಪಾತ್ರೆ ಸೂಪು ಬಂತು. ಫ್ರಿಜ್‌ನಲ್ಲಿ ಜಾಗ ಸಾಲದೆ ಪಕ್ಕದ ಮನೇಲಿ ಇಟ್ಟಿದ್ದೆ. ಈಗ ಮೂರು ತಿಂಗಳಾಯ್ತು. ಒಂದು ಚಮಚ ಬಂದಿಲ್ಲ. ಅವನ ಹೊಟ್ಟೆ ಅದೇ ಹೊಟ್ಟೆ ತಾನೇ?"

ಫೋನ್ ಇಟ್ಟ ಮೇಲೆ ಫ್ಲೋರಾ ಹೆಸರನ್ನೇನೋ ಟೈಪ್ ಮಾಡಿದಳು. ಸೂಪಿನ ಕಾಲಂ ಹತ್ತಿರ ಬಂದು ಕೈ ನಿಂತಿತು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಪಟ್ಟಿಯನ್ನು ಕಳಿಸದೆ ಹಾಗೇ ಉಳಿಸಿ ಎದ್ದಳು. ನಾಳೆ ಹನ್ನೆರಡರೊಳಗೆ ಮನೆಯಿಂದ ಕಳಿಸಿದರಾಯಿತು.

ಹೊರಗೆ ವಿದ್ಯಾವತಿ ಕಾರಿನಲ್ಲಿ ಕಾಯುತ್ತಿದ್ದಳು. ಧಾರವಾಡದ ಲಿಂಗಾಯತರ ಮನೆಯವಳು. ಮಂದಿರದ ಪಕ್ಕದಲ್ಲೇ ಯಹೂದಿ ಸಮಾಜದವರು ನಡೆಸುವ ಆಪ್ತಸಮಾಲೋಚನಾ ಕೇಂದ್ರವಿದೆ; ಅಲ್ಲಿ ಆರು ವರ್ಷದಿಂದ ಕೌನ್ಸೆಲರ್. ಇಬ್ಬರ ಮನೆಯೂ ಲಿಟಲ್ ಎಲ್ಮ್‌ನಲ್ಲಿ, ಒಂದೇ ಬೀದಿಯಲ್ಲಿ. ಗುರುವಾರ ಇಬ್ಬರೂ ಒಂದೇ ಕಾರಿನಲ್ಲಿ ಬಂದು ಹೋಗುತ್ತಾರೆ. ವಾರದಲ್ಲಿ ಫ್ಲೋರಾಳ ಬಾಯಿಂದ ಕನ್ನಡ ಬರುವುದು ಆ ದಾರಿಯಲ್ಲಿ ಮಾತ್ರ.

ಫ್ಲೋರಾ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಕೊಂಕಣ ಮೂಲದ ಬೆನೆ ಇಸ್ರೇಲಿ ಯಹೂದಿಗಳು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಇಲ್ಲಿಯ ಮಂದಿರದಲ್ಲಿ, 'ನೀವು ಯಾವಾಗ ನಮ್ಮ ಧರ್ಮಕ್ಕೆ ಸೇರಿದಿರಿ?' ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಕನ್ನಡ ಸಂಘದ ಯುಗಾದಿಗೆ ಹೋದರೆ, 'ಓ, ಕ್ರಿಶ್ಚಿಯನ್ನಾ?' ಎನ್ನುತ್ತಾರೆ. ಎರಡೂ ಕಡೆ ನಕ್ಕು ನಕ್ಕು ಅವಳಿಗೆ ಸಾಕಾಗಿತ್ತು.

ಕಾರು ಟೋಲ್‌ವೇ ಹತ್ತಿತು.

"ವಿದ್ಯಕ್ಕಾ, ಒಂದು ಕೇಳ್ತೀನ್ರಿ. ತಲಿ ಕೆಟ್ಟವರ ಹೆಸರಿಲೇನೂ ಪ್ರಾರ್ಥನಾ ಮಾಡಸ್ತಾರೇನ್ರಿ?"

"ತಲಿ ಕೆಟ್ಟವರು ಅಂದ್ರ ಯಾರವಾ? ಸಿಗ್ನಲ್ ಹಾಕದ ನನ್ನ ಮುಂದ ನುಗ್ಗಿದನಲ್ಲ, ಅವಾ?"

ಫ್ಲೋರಾ ನಕ್ಕುಬಿಟ್ಟಳು. ತನ್ನ ನಗೆಯ ಸದ್ದು ಅವಳಿಗೇ ಹೊಸದೆನಿಸಿತು.

"ಚ್ಯಾಷ್ಟಿ ಬ್ಯಾಡ್ರಿ. ಒಬ್ಬಾಕಿ ಮಗಗ ಡಿಪ್ರೆಶನ್ ಅಂತ."

"ಹಂಗಂದ್ರ ಮನಸ್ಸಿಗೆ ಬ್ಯಾನಿ ಬಂದೈತಿ ಅನ್ನು. ಸಕ್ಕರಿ ಕಾಯಿಲೆ ಬಂದವರಿಗೆ ರಕ್ತ ಕೆಟ್ಟವರು ಅಂತೀಯೇನು?"

"ನಮ್ಮ ಮಂದ್ಯಾಗ ಇಂಥಾವೆಲ್ಲಾ ಇರಲಿಲ್ಲರಿ. ನಮ್ಮವ್ವ ಐದು ಮಕ್ಕಳನ್ನ ಸಾಕಿದ್ಲು. ಮನಸ್ಸು ಸರಿ ಇಲ್ಲಂತ ಒಂದಿನಾನೂ ಮಲಗಲಿಲ್ಲ."

"ಮಲಗಲಿಲ್ಲ, ಖರೆ. ಆರಾಮ ಇದ್ಲು ಅಂತ ನಿನಗ ಯಾರು ಹೇಳ್ಯಾರ?"

ಫ್ಲೋರಾ ಕಿಟಕಿಯ ಕಡೆ ತಿರುಗಿದಳು. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಅವ್ವ ಅಕ್ಕಿ ಹಾಕಿಕೊಂಡ ಮೊರ ಹಿಡಿದು ಕೂರುತ್ತಿದ್ದಳು. ಎಂಜಿನ್ನುಗಳು ಹಿಂದೆ ಮುಂದೆ ಓಡಾಡುವುದನ್ನು ನೋಡುತ್ತ ತಾಸುಗಟ್ಟಲೆ. ಅಕ್ಕಿ ಹಾಗೇ ಇರುತ್ತಿತ್ತು. ಮಕ್ಕಳು ಹತ್ತಿರ ಹೋದರೆ, ಕಣ್ಣಿಗೆ ಹೊಗೆ ಹೋಯಿತೆಂದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಫ್ಲೋರಾ ಅದನ್ನು ಹೊಗೆಯೆಂದೇ ನಂಬಿದ್ದಳು.

"ಬ್ಯಾನಿ ಬಂದವರಿಗೆ ಮಾಡೂ ಆ ಪ್ರಾರ್ಥನಾ ನಿನಗ ಬಾಯಿಪಾಠ ಐತಲ್ಲ?" ವಿದ್ಯಾವತಿ ಕೇಳಿದಳು.

"ಐತ್ರಿ. ಮರಾಠಿ ಅಕ್ಷರದಾಗ ಬರದಿದ್ದ ಪುಸ್ತಕ ಇತ್ತು ನಮ್ಮನ್ಯಾಗ. ಅದನ್ನ ನೋಡಿ ಕಲ್ತಿದ್ದು."

"ಅದರ ಅರ್ಥ?"

"ಹೀಬ್ರೂ ಅರ್ಥ ಯಾರಿಗೆ ಗೊತ್ರಿ! ಸ್ವರ ತಪ್ಪಿದ್ರ ಅಪ್ಪ ಬಡೀತಿದ್ರು, ಅಷ್ಟ ಗೊತ್ತು."

"ನಾ ಕೆಲಸಕ್ಕ ಸೇರಿದಾಗ ನಿಮ್ಮ ಮಂದಿರದ ಗುರುಗಳು, ರಬ್ಬಿ, ನನಗ ಬಿಡಿಸಿ ಹೇಳಿದ್ರು. ಅದರಾಗ 'ಆತ್ಮ ಗುಣ ಆಗಲಿ, ದೇಹ ಗುಣ ಆಗಲಿ' ಅಂತ ಐತಿ. ಆತ್ಮ ಮೊದಲ, ದೇಹ ಆಮ್ಯಾಲೆ. ಧಾರವಾಡದಾಕಿ ಬಂದು ನಿಮ್ಮ ಪ್ರಾರ್ಥನಾ ನಿನಗ ಹೇಳಿಕೊಡಬೇಕಾತು ನೋಡು!"

ಫ್ಲೋರಾ ತುಟಿಯಲ್ಲೇ ಆ ಸಾಲನ್ನು ಹೇಳಿಕೊಂಡಳು. ನೂರಾರು ಸಲ ಹೇಳಿದ್ದ ಸಾಲು. ಫ್ರಿಸ್ಕೊ ಊರು ದಾಟಿತು. ಮನೆ ಹತ್ತಿರವಾದಂತೆ ಅವಳ ಎದೆಯೊಳಗೆ ದಿನವೂ ಕೂರುವ ಭಾರ ಬಂದು ಕೂತಿತು.

"ವಿದ್ಯಕ್ಕಾ, ನನ್ನ ಗೆಳತಿ ಒಬ್ಬಾಕಿ ಅದಾಳ್ರಿ. ಎರಡು ತಿಂಗಳಾತು. ನಿದ್ದಿ ಸರಿ ಬರೂದಿಲ್ಲ. ಅಡಗಿ ಮಾಡ್ಕೊಂಡು ಉಣ್ಣಬೇಕು ಅನಸೂದಿಲ್ಲ. ನಾ ಇದ್ರೆಷ್ಟು, ಬಿಟ್ರೆಷ್ಟು ಅಂತಿರ್ತಾಳ."

ವಿದ್ಯಾವತಿ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಯಾವ ಗೆಳತಿ ಎಂದೂ ಕೇಳಲಿಲ್ಲ.

"ಜೀವಾ ಕಳಕೊಳ್ಳೂ ವಿಚಾರ ಮಾಡ್ಯಾಳೇನು?"

"ಏನ್ರಿ ಹಿಂಗ ಕೇಳ್ತೀರಿ!"

"ನೇರಾನ ಕೇಳಬೇಕವಾ. ಕೇಳಿದ್ರ ಆ ವಿಚಾರ ತಲ್ಯಾಗ ತುಂಬಿದಂಗ ಆಗೂದಿಲ್ಲ. ಕೇಳವರು ಒಬ್ಬರು ಅದಾರ ಅಂತ ಸಮಾಧಾನ ಆಗ್ತೈತಿ."

"ಇಲ್ರಿ. ಅಷ್ಟು ದೂರ ಹೋಗಿಲ್ಲ."

"ಹೋದ್ರ, ಅವತ್ತ 988 ನಂಬರಿಗೆ ಫೋನ್ ಮಾಡು ಅನ್ನು. ಹಗಲು ರಾತ್ರಿ ಎತ್ತತಾರ. ಎರಡು ವಾರ ದಾಟಿ ಹಿಂಗಿದ್ರ ಸುಮ್ನ ಕೂಡಬಾರದು. ಮೊದಲ ಡಾಕ್ಟರ್ ಕಡೆ ಹೋಗಿ ಥೈರಾಯ್ಡ್ ನೋಡಿಸ್ಕೊಳ್ಳಲಿ. ಈ ವಯಸ್ಸಿನ್ಯಾಗ ಮುಟ್ಟು ನಿಲ್ಲೂ ಮುಂದನೂ ಹಿಂಗ ಆಗ್ತಿರ್ತೈತಿ. ಆಮ್ಯಾಲೆ ನಮ್ಮ ಸೆಂಟರ್‌ಗೆ ಬರ್ಲಿ. ಕೈಲಾದಷ್ಟು ಫೀ ಕೊಟ್ರಾತು."

"ಅಲ್ಲಿ ಅಕಿ ಕಾರ್ ನಿಂತಿದ್ದು ಯಾರರ ನೋಡಿದ್ರ?"

"ಫೋನಿನ್ಯಾಗ ಮಾತಾಡ್ಲಿ. ಹೇಳಿದ್ದು ರಬ್ಬಿಗೂ ಹೋಗೂದಿಲ್ಲ, ಗಂಡಗೂ ಹೋಗೂದಿಲ್ಲ. ಗುರ್ತಿನವರನ್ನ ನಾ ನೋಡಂಗಿಲ್ಲ, ಅದು ನಮ್ಮ ನೇಮ. ಬ್ಯಾರೆ ಇಬ್ಬರು ಅದಾರ, ಭಾಳ ಚೊಲೊ ಮಂದಿ." ನಕ್ಕಳು. "ನಮ್ಮ ಕನ್ನಡದವರು, ತೆಲುಗಿನವರು ಬಂದು ಕುಂದರ್ತಾರ. ಕಟ್ಟಿಸಿದವರು ನೀವು, ನೀವ ಹೊರಗ ನಿಂತು ಇಣಿಕಿ ನೋಡ್ತೀರಿ!"

ಮನೆ ಮುಂದೆ ಕಾರು ನಿಂತಾಗ ಕಾರ್ಡೊಂದನ್ನು ಕೊಟ್ಟಳು. "ನಿನ್ನ ಗೆಳತಿಗೆ ಕೊಡು. ಹಂಗ, ನಾ ಎರಡು ಮನಿ ಆಚೆ ಇರ್ತೀನಿ ಅಂತನೂ ಹೇಳು."

ಫ್ಲೋರಾ ಬೀಗ ತೆಗೆದು ಒಳಗೆ ಹೋದಳು. ನಾಲ್ಕು ಬೆಡ್‌ರೂಮಿನ ಮನೆ. ಗಂಡ ಸ್ಯಾಮ್ಸನ್ ಸೋಮವಾರದಿಂದ ಶುಕ್ರವಾರದವರೆಗೆ ಹ್ಯೂಸ್ಟನ್‌ನಲ್ಲಿ. ಮಗಳು ಲೀಯಾ ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ಅಡುಗೆಮನೆಯ ಕಟ್ಟೆಯ ಮೇಲಿನ ಮಾತಾಡುವ ಡಬ್ಬಿಗೆ, ಆ ಸ್ಮಾರ್ಟ್ ಸ್ಪೀಕರಿಗೆ, ಫ್ಲೋರಾ ದಿನವೂ ಕೇಳುತ್ತಾಳೆ: "ಹ್ಯೂಸ್ಟನ್‌ನಲ್ಲಿ ಹವಾ ಹೇಗಿದೆ? ಆಸ್ಟಿನ್‌ನಲ್ಲಿ?" ಹ್ಯೂಸ್ಟನ್‌ನಲ್ಲಿ ಮಳೆ, ಆಸ್ಟಿನ್‌ನಲ್ಲಿ ಬಿಸಿಲು ಎಂದು ಅದು ಇವತ್ತು ಹೇಳಿತು. ಅವಳಿಗೆ ಮಳೆ ಬಿಸಿಲಿನಿಂದ ಆಗಬೇಕಾದ್ದೇನೂ ಇಲ್ಲ. ಕೇಳಿದರೆ ಮನೆಯೊಳಗೆ ಯಾರೋ ಉತ್ತರ ಕೊಡುತ್ತಾರೆ, ಅಷ್ಟೇ.

ಏಳಕ್ಕೆ ಸ್ಯಾಮ್ಸನ್ ಫೋನ್ ಮಾಡಿದ. ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್ ಬೀದಿಯ ಭಾರತೀಯ ಅಂಗಡಿಯಲ್ಲಿದ್ದ.

"ಅವಲಕ್ಕಿ ತರಲಾ? ಮಲೀದಾ ಮಾಡ್ತೀನಿ ಅಂದಿದ್ದೆಯಲ್ಲ."

ಮಲೀದಾ ಎಂದರೆ ಅವರ ಜನ ಹರಕೆ ತೀರಿಸಲು ಅವಲಕ್ಕಿ, ಬೆಲ್ಲ, ಕಾಯಿತುರಿ ಕಲಸಿ ನಾಲ್ಕು ಜನರನ್ನು ಕರೆದು ಹಂಚುವ ಪ್ರಸಾದ. ಲೀಯಾಗೆ ಕಾಲೇಜು ಸಿಗಲೆಂದು ಹೊತ್ತ ಹರಕೆ ಹಾಗೇ ಉಳಿದಿತ್ತು. ಯಾರನ್ನು ಕರೆಯುವುದು?

"ತಗೊಂಡು ಬಾ," ಎಂದಳು. ಆಮೇಲೆ, "ನನಗೆ..." ಎಂದು ಶುರುಮಾಡಿದಳು.

"ಏನು? ಇಲ್ಲಿ ಗದ್ದಲ, ಸರಿಯಾಗಿ ಕೇಳಿಸಲ್ಲ."

"ಏನಿಲ್ಲ. ನಾಳೆ ಬರುವಾಗ ನಿಧಾನ ಡ್ರೈವ್ ಮಾಡು."

ಶುಕ್ರವಾರ ಬೆಳಿಗ್ಗೆ ಅವಳು ತೊಗರಿಬೇಳೆ ಕುದಿಯಲು ಇಟ್ಟು, ಲ್ಯಾಪ್‌ಟಾಪ್ ತೆರೆದಳು. ಆರನ್, ರೂತ್ ಮಗ. ಎದುರಿನ ಕಾಲಂನಲ್ಲಿ ಬರೆದಳು: ಮನೆ. ಸೂಪು ಕಳಿಸಿ. ಎದ್ದು ಹೋಗಿ ಒಲೆಯ ಮೇಲಿನ ಬೇಳೆಗೆ ಇನ್ನೊಂದು ಲೋಟ ನೀರು ಹಾಕಿ, ಕುಕ್ಕರಿನ ಮುಚ್ಚಳ ಹಾಕಿದಳು. ಮೊದಲ ಪಾತ್ರೆ ತನ್ನದೇ ಹೋಗಲಿ. ಬೆಳ್ಳುಳ್ಳಿ ಒಗ್ಗರಣೆ ಜಾಸ್ತಿಯಾದರೆ ರೂತ್ ಬೈದುಕೊಳ್ಳಲಿ.

ಪಟ್ಟಿಯ ಕೆಳಗೆ ಒಂದು ಸಾಲು ಖಾಲಿ ಇತ್ತು. ಅವಳು ತುಂಬಾ ಹೊತ್ತು ಅದನ್ನೇ ನೋಡಿದಳು. ಕುಕ್ಕರ್ ಕೂಗಿತು, ಮತ್ತೆ ಕೂಗಿತು. ಎದ್ದು ಒಲೆ ಆರಿಸಿ ಬಂದು ಟೈಪ್ ಮಾಡಿದಳು:

ಫ್ಲೋರಾ, ಸಿಬಿಯಾಳ ಮಗಳು.

ಅವ್ವ ಹೋಗಿ ಹದಿನೇಳು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವಳ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ನಾಳೆ ಅದನ್ನು ಇನ್ನೂರು ಜನರ ನಡುವೆ ಗಟ್ಟಿಯಾಗಿ ಓದುತ್ತಾರೆ. ಆತ್ಮ ಗುಣವಾಗಲಿ ಎನ್ನುತ್ತಾರೆ. ಹಿತ್ತಲ ಬಾಗಿಲಲ್ಲಿ ಕೂತಿದ್ದ ಆ ಹೆಂಗಸಿಗೂ ಅದು ಸ್ವಲ್ಪ ತಲುಪಬಹುದು.

ಪಟ್ಟಿ ಕಳಿಸಿದಳು. ವಿದ್ಯಾವತಿ ಕೊಟ್ಟ ಕಾರ್ಡಿನ ನಂಬರನ್ನು ಫೋನಿಗೆ ಹಾಕಿಕೊಂಡು, ಸೋಮವಾರ ಹತ್ತು ಗಂಟೆಗೆ ಅಲಾರಂ ಇಟ್ಟಳು. ಗಂಡನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಸೂಪನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಕಾರಿನ ಕೀ ತೆಗೆದುಕೊಂಡಳು.

ಇದನ್ನು ಓದುತ್ತಿರುವ ಅಕ್ಕಾ, ತಂಗೀ, ನಿಮ್ಮ ದೇವರ ಮನೆ ಯಾವುದೇ ಇರಲಿ, ಅಲ್ಲಿ ಎಲ್ಲರ ಹೆಸರು ಹೇಳುವಾಗ ನಿಮ್ಮ ಹೆಸರನ್ನೂ ಹೇಳಿ. ಎರಡು ವಾರದಿಂದ ನಿದ್ದೆ ಊಟ ಕೆಟ್ಟಿದ್ದರೆ, ಯಾವುದೂ ಬೇಡವೆನಿಸಿದರೆ, ಡಾಕ್ಟರನ್ನು ಕಾಣಿ, ಆಪ್ತಸಮಾಲೋಚಕರಿಗೆ ಫೋನ್ ಮಾಡಿ. ಪ್ರಾರ್ಥನೆಯೂ ನಡೆಯಲಿ, ಔಷಧಿಯೂ ನಡೆಯಲಿ. ಬದುಕೇ ಬೇಡವೆನಿಸಿದ ಗಳಿಗೆಯಲ್ಲಿ ಅಮೆರಿಕದಲ್ಲಿದ್ದರೆ 988, ಭಾರತದಲ್ಲಿದ್ದರೆ ಟೆಲಿ ಮಾನಸ್ 14416 ನಂಬರಿಗೆ ಕರೆ ಮಾಡಿ. ನಿಮ್ಮ ಬೀದಿಯಲ್ಲಿ ಯಾರದೋ ಮನಸ್ಸಿಗೆ ನೋವಾಗಿದೆ ಎಂದು ತಿಳಿದರೆ ಬುದ್ಧಿ ಹೇಳಲು ಹೋಗಬೇಡಿ. ಒಂದು ಪಾತ್ರೆ ಸಾರು ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿ.