ಮಂಜಿಯ ಕೌದಿಗೆ ತೆರೆಯ ಹೊಲಿಗೆ

ನನ್ನ ಬಾಯಿ ಕೆಟ್ಟದ್ದು ಎಂದು ಅಂಕೋಲೆಯ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೈ ಒಳ್ಳೆಯದು ಎಂದೂ ಹೇಳುತ್ತಾರೆ, ಆದರೆ ಅದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ. ನಾನು ಮಂಗೇಶ, ಮೂಲ ಕಾರವಾರದವನು. ಕರನಿರಾಕರಣೆಯ ಗಲಾಟೆ ತಣ್ಣಗಾದ ಮರುವರ್ಷ, ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಇಲ್ಲಿ ಅಂಗಡಿ ಇಟ್ಟೆ. ಅಂಗಿ, ರವಿಕೆ ಹೊಲಿಯುವವರು ಬೇರೆ ಇಬ್ಬರಿದ್ದರು. ಕೌದಿಯ ಮೇಲೆ ಮಿಷನ್ನು ಓಡಿಸುವವನು ನಾನೊಬ್ಬನೇ.

ಹಳೆಯ ಸೀರೆಗಳನ್ನು ನಾಲ್ಕೈದು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಒಂದೊಂದೇ ಎಳೆ ಹೊಲಿಯುತ್ತ ಹೋದರೆ ಒಂದು ಕೌದಿಗೆ ಹೆಂಗಸರಿಗೆ ತಿಂಗಳು ಬೇಕು. ನಾನು ಹೇಳಿದೆ, ತುಂಡು ನೀವೇ ಜೋಡಿಸಿ, ಪದರ ಜಾರದ ಹಾಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ತನ್ನಿ, ಉಳಿದದ್ದು ನನಗೆ ಬಿಡಿ. ಮಿಷನ್ನಿನ ಹೊಲಿಗೆ ಬಿದ್ದ ಮೇಲೆ ಕಚ್ಚಾ ನೂಲನ್ನು ನಾನೇ ಎಳೆದು ತೆಗೆಯುತ್ತಿದ್ದೆ. ದರ್ಜಿಯಾದವನು ಯಾರೇ ಆಗಲಿ ಹಾಗೆಯೇ ಮಾಡುತ್ತಾನೆ.

ಯಾವ ನಮೂನೆ ಬೇಕೆಂದು ತೋರಿಸಲು ಒಂದು ಬಿಳಿಯ ಬಟ್ಟೆಯ ಮೇಲೆ ಕೆಂಪು ನೂಲಿನಲ್ಲಿ ಎಂಟು ಥರ ಹೊಲಿದು ಬಾಗಿಲಿಗೆ ತೂಗುಹಾಕಿದ್ದೆ. ಶಂಕರಪೋಳಿಯ ಚೌಕ, ಮಾವಿನಕಾಯಿ, ಕಡಲಿನ ತೆರೆ, ಬಸವನಹುಳದ ಸುತ್ತು, ಮೀನಿನ ಹುರುಪೆ, ಹೀಗೆ. ಹುರುಪೆಯನ್ನು ಮೀನುಗಾರರ ಹೆಂಗಸರಿಗೆಂದೇ ಮಾಡಿದ್ದೆ. ಅವರು ಅದನ್ನು ನೋಡಿ, ಹಗಲೆಲ್ಲ ಮೀನು ಹೊತ್ತದ್ದು ಸಾಲದು ಎಂದು ಮಲಗಿದ ಮೇಲೂ ಮೈಮೇಲೆ ಹುರುಪೆ ಹಾಕುತ್ತೀಯಾ ಎಂದು ನನ್ನನ್ನೇ ಗೇಲಿ ಮಾಡಿ ಮಾವಿನಕಾಯಿ ಆರಿಸಿಕೊಂಡು ಹೋದರು. ಕೊನೆಗೆ ಎಲ್ಲರೂ ಆರಿಸುವುದು ಮಾವಿನಕಾಯಿಯನ್ನೇ. ಸಂತೆಯ ದಿನ ಆ ಬಟ್ಟೆಯ ಮುಂದೆ ಹೆಂಗಸರ ಗುಂಪು ಕರಗುತ್ತಿರಲಿಲ್ಲ.

ಬೊಬ್ರುವಾಡದ ಕಾಮಿ ಬಂದದ್ದು ಕಾರ್ತಿಕದಲ್ಲಿ. ಗದ್ದೆ ಕೆಲಸದ ಹೆಂಗಸು, ಐವತ್ತರ ಹತ್ತಿರದ ಪ್ರಾಯ, ಕಣ್ಣು ಮಂಜಾಗಿತ್ತು. ಕೈಯಲ್ಲಿ ಕೂಸಿನ ಅಳತೆಯ ಒಂದು ಸಣ್ಣ ಕೌದಿ. ನನಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ಕೆಲಸ ಎಂಥದ್ದೆಂದು ಗೊತ್ತಾಗುವುದಿಲ್ಲ. ಅವಳ ಒಬ್ಬಳೇ ಮಗಳು ಮಂಜಿಯನ್ನು ಮಂಜಗುಣಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಹುಟ್ಟುವ ಕೂಸಿಗೆಂದು ತನ್ನ ಸೀರೆಗಳನ್ನೇ ಹರಿದು ಈ ಕೌದಿ ಹೊಲಿಯಲು ಕೂತಳು. ಅಂಚಿನಿಂದ ಒಳಕ್ಕೆ ನಾಲ್ಕು ಸುತ್ತು ಹೊಲಿದಳು. ನಡುವೆ ಮಾತ್ರ ಪೇಟೆಯ ಮಿಷನ್ನಿನಲ್ಲಿ ಒಂದು ನಮೂನೆ ಹಾಕಿಸಬೇಕು ಅವ್ವಿ, ಸಂತೆಯಲ್ಲಿ ನೋಡಿದ್ದೇನೆ ಎಂದಿದ್ದಳಂತೆ. ಯಾವುದೆಂದು ಹೇಳಿರಲಿಲ್ಲ. ಶ್ರಾವಣದಲ್ಲಿ ಹೆಣ್ಣು ಹೆತ್ತಳು, ಒಂಬತ್ತನೆಯ ದಿನ ಬಾಣಂತಿ ಸನ್ನಿ ಬಂದು ಹೋಗಿಬಿಟ್ಟಳು. ಈಗ ಆ ಕೂಸನ್ನು ಮಂಜಗುಣಿಯವರು ಒಯ್ಯುವವರಿದ್ದರು. ಅಲ್ಲಿ ಮಂಜಿಯ ಓರಗಿತ್ತಿ ಗಂಗಿಗೆ ಮೊಲೆಕೂಸಿತ್ತು, ಇದಕ್ಕೂ ಹಾಲು ಕೊಡುತ್ತೇನೆಂದಿದ್ದಳು. ತಾಯಿಯ ಮುಖ ಕಾಣದ ಕೂಸಿನ ಜೊತೆ ತಾಯಿಯ ಕೈಯದೆಂದು ಹೋಗುವುದು ಈ ಕೌದಿ ಒಂದೇ.

ಇದೆಲ್ಲ ಆ ದಿನ ನನಗೆ ಗೊತ್ತಿರಲಿಲ್ಲ. ಅವಳು ಹೇಳಲು ಬಂದಿದ್ದಳು, ನಾನು ಕೇಳಬೇಕಲ್ಲ. ಸಂತೆಯ ಗದ್ದಲ, ಬಾಗಿಲ ತುಂಬ ಜನ. ಕಾಮಿ ನಮೂನೆಯ ಬಟ್ಟೆಯ ಮುಂದೆ ನಿಂತವಳು ನಿಂತೇ ಇದ್ದಳು. ಒಂದೊಂದು ನಮೂನೆಯನ್ನೂ ಬೆರಳಿಂದ ಮುಟ್ಟಿ, ಕಣ್ಣು ಹತ್ತಿರ ಒಯ್ದು ನೋಡಿದಳು. ಪ್ರಾಯದ ಹುಡುಗಿಯರು ಯಾವುದನ್ನು ಮೆಚ್ಚುತ್ತಾರೆ ಎಂದು ಕೇಳಿದಳು. ನಾನು ಮಾವಿನಕಾಯಿ ಎಂದೆ. ಅದು ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಚೌಕದ ಮೇಲೆ ಬೆರಳಿಟ್ಟಳು, ತೆಗೆದಳು. ಮತ್ತೆ ಸುತ್ತಿನ ಮೇಲಿಟ್ಟಳು. ನನ್ನ ಪಿತ್ತ ನೆತ್ತಿಗೇರಿತು. ಹೆಣ್ಣು ನೋಡಲು ಬಂದಿದ್ದೀಯೋ ಹೊಲಿಸಲು ಬಂದಿದ್ದೀಯೋ ಎಂದು ಕೂಗಿದೆ. ಜನ ನಕ್ಕರು. ಅವಳು ಗಾಬರಿಯಾಗಿ, ಬೆರಳು ಎಲ್ಲಿತ್ತೋ ಅಲ್ಲೇ ನಿಲ್ಲಿಸಿ, ಇದೇ ಇರಲಿ ಎಂದಳು. ಬೆರಳು ತೆರೆಯ ಮೇಲಿತ್ತು.

ಆಮೇಲೆ ಕೌದಿಯನ್ನು ನನ್ನ ಕೈಗೆ ಕೊಡುತ್ತ, ಅಂಚಿನ ಹೊಲಿಗೆ, ನನ್ನ ಮಗಳು, ಎಂದು ಏನೋ ಶುರುಮಾಡಿದಳು.

"ನಂಗೆ ಹೊಲಿಗೆ ಕಲಿಸ್ಬೇಡ ಅಕ್ಕಾ," ಎಂದೆ. "ಮುಂದಿನ ಸಂತೆಗೆ ಬಾ."

ಅವಳು ಬಾಯಿ ಮುಚ್ಚಿಕೊಂಡು ಹೋದಳು. ಹೋಗುವಾಗ ಎರಡು ಸಲ ತಿರುಗಿ ನೋಡಿದಳು. ಅನುಮಾನದ ಹೆಂಗಸು ಎಂದುಕೊಂಡೆ.

ಕೌದಿ ಬಿಡಿಸಿ ನೋಡಿದಾಗ ನನಗೆ ನಗು ಬಂದಿತ್ತು. ಅಂಚಿನ ಸುತ್ತ ಬಿಳಿ ನೂಲಿನ ನಾಲ್ಕು ಸಾಲು. ಒಂದು ಎಳೆ ಉದ್ದ, ಒಂದು ಗಿಡ್ಡ, ಒಂದು ಕಡೆ ಸಾಲು ಸಾಲಿನ ಮೇಲೆಯೇ ಹತ್ತಿತ್ತು. ಇಷ್ಟು ಕೆಟ್ಟ ಕಚ್ಚಾ ಹೊಲಿಗೆಯನ್ನು ನಾನು ನೋಡಿರಲಿಲ್ಲ. ಕೂಸಿನದೆಂದು ಮಾತ್ರ ಗೊತ್ತಿತ್ತು, ಹಾಗಾಗಿ ಮನಸ್ಸಿಟ್ಟು ಕೆಲಸ ಮಾಡಿದೆ. ನೂಲಿಗೆ ಮೇಣ ತಿಕ್ಕಿದೆ. ದಪ್ಪ ಪದರಕ್ಕೆ ಎರಡು ಸೂಜಿ ಮುರಿದವು, ಬಯ್ಯಲಿಲ್ಲ. ಅಂಚಿನಿಂದ ಅಂಚಿಗೆ, ಒಂದರ ಹಿಂದೊಂದು ಬರುವ ಹಾಗೆ ಇಪ್ಪತ್ತೆರಡು ತೆರೆ ಹಾಕಿದೆ. ಕೂಸಿನ ಬೆರಳಿಗೆ ಸಿಕ್ಕಬಾರದೆಂದು ಕಚ್ಚಾ ನೂಲನ್ನು ಒಂದು ಚೂರೂ ಬಿಡದೆ ಎಳೆದು ತೆಗೆದೆ. ತೆಗೆದ ನೂಲನ್ನು ಉಂಡೆ ಮಾಡಿ ಮಿಷನ್ನಿನ ಎಣ್ಣೆ ಒರೆಸಿದೆ. ನನ್ನ ಕೈಯಿಂದ ಅದಕ್ಕಿಂತ ಚೆಂದದ ಕೌದಿ ಆ ವರ್ಷ ಹೊರಗೆ ಹೋಗಿಲ್ಲ.

ಮುಂದಿನ ಸಂತೆಗೆ ಕಾಮಿ ಬೆಳಿಗ್ಗೆಯೇ ಬಂದಳು. ಸೊಂಟದಲ್ಲಿ ಕೂಸಿತ್ತು. ಮಧ್ಯಾಹ್ನ ಮಂಜಗುಣಿಯವರು ಬರುತ್ತಾರೆ, ಇದನ್ನು ಕಳಿಸಿಕೊಡುವ ದಿನ ಎಂದಳು. ನಾನು ಹೆಮ್ಮೆಯಿಂದ ಕೌದಿಯನ್ನು ಹಲಗೆಯ ಮೇಲೆ ಹಾಸಿ, ನೋಡಿಕೋ ಎಂದೆ. ಅವಳು ಬಗ್ಗಿ ಅಂಚಿನ ಮೇಲೆ ಕೈಯಾಡಿಸಿದಳು. ನಾಲ್ಕೂ ಕಡೆ ಆಡಿಸಿದಳು. ಮಗುಚಿ ಹಾಕಿ ಹಿಂದಿನಿಂದಲೂ ನೋಡಿದಳು.

"ಮಂಜಿ ಹೊಲ್ದದ್ದು ಎಲ್ಲದೆ?" ಎಂದು ಕೇಳಿದಳು.

ಯಾವ ಮಂಜಿ ಎಂದೆ. ಆಗ ಹೇಳಿದಳು, ನಿಂತಲ್ಲೇ, ದನಿ ಎತ್ತರಿಸದೆ, ಮೊದಲಿಂದ ಕೊನೆಯವರೆಗೆ. ಈ ಸಲ ನಾನು ಪೂರಾ ಕೇಳಿದೆ. ಕಚ್ಚಾ ಹೊಲಿಗೆ ಅಂದುಕೊಂಡು ಎಲ್ಲ ಕಿತ್ತುಬಿಟ್ಟೆ ಎಂದು ಹೇಳಿದೆ. ನೂಲು ಎಲ್ಲಿದೆ ಎಂದಳು. ಮಿಷನ್ನಿನ ಕೆಳಗಿಂದ ಆ ಎಣ್ಣೆಯ ಉಂಡೆಯನ್ನು ತೆಗೆದೆ. ಕಪ್ಪಾಗಿತ್ತು, ಬಿಡಿಸಿದರೆ ತುಂಡಾಗುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಬೈದಿದ್ದರೆ ಒಳ್ಳೆಯದಿತ್ತು. ಹಲಗೆಯ ಮೇಲಿನ ಸೀಮೆಸುಣ್ಣ ತೆಗೆದು ನನ್ನ ಕೈಗೆ ಕೊಟ್ಟು, ಹೊಲಿಗೆ ಎಲ್ಲಿಂದ ಎಲ್ಲಿಗೆ ಹೋಗಿತ್ತು, ಗೆರೆಯನ್ನಾದರೂ ಎಳೆದು ತೋರಿಸಿ, ಅದರ ಮೇಲೆ ನಾನೇ ಹೊಲಿಯುತ್ತೇನೆ ಎಂದಳು. ನಾನು ಸುಣ್ಣ ಹಿಡಿದು ಒಂದು ಮೂಲೆಯಲ್ಲಿ ಶುರುಮಾಡಿದೆ. ಒಂದು ಗೇಣು ಎಳೆದೆ. ಮುಂದೆ ಹೋಗಲಾಗಲಿಲ್ಲ. ಒಂದೊಂದು ಎಳೆಯನ್ನೂ ನಾನೇ ಬೆರಳಲ್ಲಿ ಹಿಡಿದು ಕಿತ್ತಿದ್ದೆ, ಆದರೆ ಒಂದನ್ನೂ ನೋಡಿರಲಿಲ್ಲ.

"ಸೊಟ್ಟ ಇತ್ತು," ಎಂದೆ. "ಅಷ್ಟೇ ನೆನಪು."

"ಅದ್ರ ಕೈ ಬಾತಿತ್ತು ಮಂಗೇಶಣ್ಣ," ಎಂದಳು ಕಾಮಿ. "ಬಸ್ರಲ್ಲಿ ಕೈ ಬಾತಿತ್ತು. ಸೂಜಿ ಹಿಡೂಕೆ ಆಗ್ತಿರ್ಲಿಲ್ಲ. ಇಲ್ದಿದ್ರೆ ಅದು ನೀಟ ಹೊಲೀತಿತ್ತು."

ಅಷ್ಟು ಹೊತ್ತು ಅಳದವಳು ಈಗ ಅತ್ತಳು. ಮಗಳು ನೆಟ್ಟಗೆ ಹೊಲಿಯುತ್ತಿದ್ದಳು ಎಂದು ನನಗೆ ನಂಬಿಸುವುದೇ ಅವಳಿಗೆ ದೊಡ್ಡದಾಗಿಹೋಗಿತ್ತು. ಕೂಸು ಅವಳ ಮುಖ ನೋಡಿ ಅದೂ ಅತ್ತಿತು. ನಾನು ಏನು ಮಾಡಲಿ? ಹೊಸ ಬಟ್ಟೆ ಕೊಡುತ್ತೇನೆ ಎನ್ನಲೇ? ಅಳುವುದು ನಿಂತ ಮೇಲೆ ಕೌದಿಯನ್ನು ಮಡಚುತ್ತ, ಈ ತೆರೆಯನ್ನೂ ನಾನು ಕಣ್ಣುಮುಚ್ಚಿ ಆರಿಸಿದ್ದು, ಮಂಜಿ ಮೆಚ್ಚಿದ್ದು ಯಾವುದೋ ಏನೋ, ಈಗ ಇದರಲ್ಲಿ ಅವಳದ್ದು ಎನ್ನುವುದು ಏನೂ ಉಳಿಯಲಿಲ್ಲ ಎಂದಳು. ನನಗೆ ತಡೆಯಲಾಗಲಿಲ್ಲ.

"ನಿನ್ನ ಮಗ್ಳು ಇಲ್ಲಿ ಬಂದಿತ್ತು ಅಕ್ಕಾ," ಎಂದೆ. "ಬಸುರಿ ಹುಡ್ಗಿ. ತೆರೆ ಮೇಲೆ ಬೆರ್ಳಿಟ್ಟು, ಇದು ಬೇಕು ಅಂದಿತ್ತು. ಈಗ ನೆನಪಾಯ್ತು."

ಅವಳ ಕೈ ನಿಂತಿತು.

"ಖರೇ ಹೇಳ್ತ್ರಿ?"

"ಖರೇ."

ಮಡಚಿದ್ದನ್ನು ಮತ್ತೆ ಬಿಡಿಸಿದಳು. ಕೂಸಿನ ಕೈ ಹಿಡಿದು ಒಂದು ತೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಸಿ, ನಿನ್ನ ಅವ್ವಿ ಆರಿಸಿದ್ದು ಎಂದು ಅದಕ್ಕೆ ಹೇಳಿದಳು. ಆಮೇಲೆ ಕೂಸನ್ನು ಕೌದಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ನನಗೆ ಕೈಮುಗಿದು, ಸಂತೆಯ ಜನರ ನಡುವೆ ಹೊರಟುಹೋದಳು.

ಆ ಹುಡುಗಿ ನನ್ನ ಅಂಗಡಿಗೆ ಬಂದಿದ್ದಳೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಬಂದು ಬಾಗಿಲಲ್ಲಿ ನಿಂತಿದ್ದರೂ ನಾನು ಬೈದು ಕಳಿಸಿರುತ್ತಿದ್ದೆ.