ಮುದ್ದೆಮಾಲಾದ ಬೊಂಬೆ

ನಾನೊಂದು ಬಟ್ಟೆಯ ಬೊಂಬೆ. ಆಟಕ್ಕೆಂದು ಹುಟ್ಟಿದವಳಲ್ಲ. ಮೈಸೂರಿನ ವಸುಮತಿ ತನ್ನ ಹಳೆಯ ಲಂಗ ಕತ್ತರಿಸಿ, ಬೂರುಗದ ಹತ್ತಿ ತುಂಬಿ, ಕಪ್ಪು ಉಲ್ಲನ್ನಿನ ಎರಡು ಜಡೆ ಹೆಣೆದು ನನ್ನನ್ನು ಮಾಡಿದಳು. ಮಕ್ಕಳ, ಹೆಂಗಸರ ಸುರಕ್ಷತೆಯ ತರಬೇತಿ ಕೊಡುವುದು ಅವಳ ಕಸುಬು. ಮೈಯ ಯಾವ ಭಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು ಎಂಬುದನ್ನು ನನ್ನನ್ನು ತೋರಿಸಿ ಕಲಿಸುತ್ತಿದ್ದಳು.

ಅವಳ ಹೆಗಲ ಚೀಲದಲ್ಲಿ ಕೂತು ನಾನು ನೋಡದ ಜಾಗವಿಲ್ಲ. ಶಾಲೆಗಳಲ್ಲಿ ಹೆಡ್‌ಮಾಸ್ಟರು, "ಫೋಟೊ ಆಯ್ತಲ್ಲ ಮೇಡಂ, ಬೇಗ ಮುಗಿಸಿ" ಎನ್ನುತ್ತಿದ್ದರು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಮಗೆ ಕೊಟ್ಟದ್ದು ಊಟದ ಬಿಡುವು. ಹೆಂಗಸರು ಡಬ್ಬಿ ಬಿಚ್ಚಿಕೊಂಡೇ ಕೇಳಿದರು. ಸೂಪರ್‌ವೈಸರ್ ಮಾತ್ರ ಬರಲಿಲ್ಲ, ಬರಬೇಕಾಗಿದ್ದವನೇ ಅವನು. ಶಾಲಾ ವ್ಯಾನ್ ಡ್ರೈವರುಗಳ ತರಬೇತಿಯಲ್ಲಿ ಒಬ್ಬ ನನ್ನ ಜಡೆ ಎಳೆದು, "ಇವ್ಳನ್ನ ಯಾವ ಸ್ಟಾಪಲ್ಲಿ ಇಳಿಸ್ಬೇಕು ಮೇಡಂ?" ಎಂದ. ಎಲ್ಲರೂ ಘೊಳ್ಳೆಂದರು.

"ಈಗ ಜಡೆ ಎಳೆದ್ರಲ್ಲ ಅಣ್ಣಾ, ಅಲ್ಲಿಂದ್ಲೇ ಪಾಠ ಶುರು ಮಾಡೋಣ" ಎಂದಳು ವಸುಮತಿ. ನಗು ನಿಂತಿತು.

ಆಮೇಲೆ ನಂಜನಗೂಡಿನ ಹತ್ತಿರದ ಹೆಣ್ಣುಮಕ್ಕಳ ಕ್ರೀಡಾ ಹಾಸ್ಟೆಲ್ಲಿನಿಂದ ಕರೆ ಬಂತು. ಸುರಕ್ಷತಾ ತರಬೇತಿ ಆಗದಿದ್ದರೆ ಅವರಿಗೆ ಅನುದಾನವಿಲ್ಲ. ಕಾರ್ಯದರ್ಶಿ ಶಿವನಂಜಪ್ಪ ವಸುಮತಿಗೆ ಶಾಲು ಹೊದಿಸಿ, "ನಮ್ದು ಒಂದು ಕುಟುಂಬ ಇದ್ದಂಗೆ. ಇಲ್ಲಿ ಅಂಥದ್ದೇನೂ ಇಲ್ಲ" ಎಂದರು.

ಪಾಠ ಮುಗಿದು ಮಕ್ಕಳೆಲ್ಲ ಉಪ್ಪಿಟ್ಟಿಗೆ ಓಡಿದರು. ತನುಜ ಎಂಬ ಓಟಗಾತಿ ಹುಡುಗಿ ಮಾತ್ರ ಉಳಿದಳು. ನನ್ನನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಕಾಲುನೋವಿಗೆ ಎಣ್ಣೆ ನೀವುತ್ತೇನೆಂದು ಬರುವ ಕೋಚ್ ಸರ್ ಕೈ ಎಲ್ಲಿಯವರೆಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ಆ ಬೆರಳು ಒತ್ತಿದ ಗುರುತು ಇನ್ನೂ ನನ್ನ ಹತ್ತಿಯಲ್ಲಿದೆ.

"ಯಾರಿಗಾದ್ರೂ ಹೇಳಿದ್ಯಾ ಪುಟ್ಟಿ?" ವಸುಮತಿ ಅವಳ ಪಕ್ಕ ಕೂತು ಕೇಳಿದಳು.

"ವಾರ್ಡನ್ ಆಂಟಿಗೆ ಹೇಳ್ದೆ. ಸರ್ ದೇವ್ರಂಥೋರು, ಹಂಗೆಲ್ಲ ಅಂದ್ರೆ ನಾಲ್ಗೆ ಬಿದ್ದೋಗುತ್ತೆ ಅಂದ್ರು."

"ನಾನು ನಂಬ್ತೀನಿ" ಎಂದಳು ವಸುಮತಿ. ಅಷ್ಟು ಸಾಕಾಯಿತು, ಹುಡುಗಿ ಅತ್ತುಬಿಟ್ಟಳು.

ವಿಷಯ ತಿಳಿದ ಶಿವನಂಜಪ್ಪನವರ ಮುಖದ ಬಣ್ಣವೇ ಬದಲಾಯಿತು. "ಮಗು ಆಟ ಆಡ್ತಾ ಬೊಂಬೆ ಮುಟ್ಟೈತೆ, ಅಷ್ಟೆಯ. ನೀವು ಪಾಠ ಹೇಳೋಕ್ ಬಂದೋರು ಮೇಡಂ, ಹೇಳ್ಬುಟ್ಟು ಹೋಗಿ."

"ಹೇಳಿದೀನಿ. ಅವಳು ಕಲ್ತೂ ಇದ್ದಾಳೆ. ಅದಕ್ಕೇ ನಿಮಗೆ ಉರೀತಿರೋದು." ಅವರೆದುರೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು.

ಪೊಲೀಸರು ಕೋಚನ್ನು ಹಿಡಿದರು. ನನ್ನನ್ನೂ ಹಿಡಿದರು! ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು, ಅರಗಿನ ಮುದ್ರೆ ಒತ್ತಿ, ಕೋರ್ಟಿನ ಉಗ್ರಾಣಕ್ಕೆ ಹಾಕಿದರು. ಮೊಕದ್ದಮೆಯ ಸಾಕ್ಷಿಯಾದ ಇಂಥ ವಸ್ತುವಿಗೆ ಮುದ್ದೆಮಾಲು ಎನ್ನುತ್ತಾರೆ. ಒಂದು ಕಡೆ ತುಕ್ಕು ಹಿಡಿದ ಮಚ್ಚು, ಇನ್ನೊಂದು ಕಡೆ ಯಾರದೋ ಒಡೆದ ಹೆಲ್ಮೆಟ್. ನಡುವೆ ನಾನು.

ಉಗ್ರಾಣದ ಇಬ್ಬರು ಗುಮಾಸ್ತರು ಒಂದು ದಿನ ಮಾತಾಡಿಕೊಳ್ಳುತ್ತಿದ್ದರು.

"ಆ ಕೋಚ್‌ಗೆ ಜಾಮೀನಾಯ್ತಲ್ಲ, ಬೇರೆ ಊರಲ್ಲಿ ಶಿಬಿರ ನಡೆಸ್ತಾವ್ನಂತೆ."

"ಆ ಟ್ರೇನಿಂಗ್ ಮೇಡಂನ ಮಾತ್ರ ಯಾರೂ ಕರೀತಿಲ್ವಂತೆ ಕಣಪ್ಪ. ಆಯಮ್ಮ ಬಂದ್ರೆ ಕೇಸಾಯ್ತದೆ ಅಂತ ಭಯ."

ಕೇಳಿ ನನ್ನ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವನು ಬಯಲಲ್ಲಿ, ನಾನು ಗಂಟಿನಲ್ಲಿ! ಥೂ ಎಂದು ಉಗುಳೋಣವೆಂದರೆ ನನಗಿರುವುದು ದಾರದಲ್ಲಿ ಹೊಲಿದ ನಗುಬಾಯಿ. ಇಷ್ಟು ಸಿಟ್ಟು ಒಳಗಿಟ್ಟುಕೊಂಡು ನಗುತ್ತಲೇ ಇರುವ ಶಿಕ್ಷೆ ಯಾವ ವೈರಿಗೂ ಬೇಡ.

ಎಷ್ಟೋ ಕಾಲದ ಮೇಲೆ ಮುದ್ರೆ ಒಡೆದರು. ಬಾಗಿಲು ಮುಚ್ಚಿದ ಕೋರ್ಟಿನ ಕೋಣೆ. ತನುಜ ಉದ್ದವಾಗಿ ಬೆಳೆದಿದ್ದಳು, ಪಕ್ಕದಲ್ಲಿ ವಸುಮತಿ ಇದ್ದಳು. ಕೋಚ್ ಪರ ವಕೀಲರು ನ್ಯಾಯಾಧೀಶರ ಮೂಲಕ ಕೇಳಿಸಿದರು: ಅಂದು ತೋರಿಸಿದ್ದನ್ನು ಸಾಕ್ಷಿ ಈ ಬೊಂಬೆಯ ಮೇಲೆ ಇನ್ನೊಮ್ಮೆ ತೋರಿಸಲಿ. ಮಗುವಿಗೆ ಮರೆತಿರುತ್ತದೆ, ಬೆರಳು ತಪ್ಪುತ್ತದೆ ಎಂದು ಅವರ ಎಣಿಕೆ.

ತನುಜ ನನ್ನನ್ನು ಎತ್ತಿಕೊಂಡಳು. ಸುಕ್ಕಾದ ನನ್ನ ಲಂಗ ನೀವಿ, ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನ್ಯಾಯಾಧೀಶೆಯ ಕಡೆ ತಿರುಗಿದಳು.

"ಬೊಂಬೆ ಬೇಡ ಮೇಡಂ. ಆಗ ನಂಗೆ ಮಾತು ಗೊತ್ತಿರ್ಲಿಲ್ಲ. ಈಗ ಗೊತ್ತು. ಬಾಯಲ್ಲೇ ಹೇಳ್ತೀನಿ, ಬರ್ಕೊಳ್ಳಿ."

ಹೇಳಿದಳು. ಎಲ್ಲವನ್ನೂ, ಎಲ್ಲಿಯೂ ತಡವರಿಸದೆ. ವಕೀಲರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ನಾನು ಮತ್ತೆ ಉಗ್ರಾಣದ ಮೂಲೆಗೆ ಬಂದಿದ್ದೇನೆ. ಇಲಿ ಪಾದ ಕಡಿದಿದೆ, ಹತ್ತಿ ಉದುರುತ್ತಿದೆ. ತೀರ್ಪು ಇನ್ನೂ ಬಂದಿಲ್ಲ. ಮುದುಕಿಯಾದೆ, ಇನ್ನಾದರೂ ಸಿಟ್ಟು ಬಿಡು ಎನ್ನುವವರಿಗೆ ನನ್ನದೊಂದೇ ಮಾತು: ಮಕ್ಕಳಿಗೆ ಹೇಳುವುದನ್ನು ಕಲಿಸಿ ಎಂದು ಊರೂರು ನಮ್ಮನ್ನು ಕರೆಯಿತು. ದೊಡ್ಡವರಿಗೆ ಕೇಳುವುದನ್ನು ಕಲಿಸಿ ಎಂದು ಒಬ್ಬರೂ ಕರೆಯಲಿಲ್ಲ.